ಮೌಸ್ ನಿಮ್ಮ ಕೈಯಲ್ಲೇ ಇರಲಿ, ಅಕ್ಕೋರೆ

ಪ್ರಶ್ನೆ: ನನಗೀಗ 53 ವರ್ಷ. ಉತ್ತರ ಕನ್ನಡ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಸೇವೆಗೆ ಸೇರಿ 27 ವರ್ಷವಾಯಿತು. ಶಾಲೆಯಲ್ಲಿ 64 ಮಕ್ಕಳು, ನನ್ನನ್ನೂ ಸೇರಿಸಿ ಮೂವರು ಕಾಯಂ ಶಿಕ್ಷಕರು, ಒಬ್ಬ ಅತಿಥಿ ಶಿಕ್ಷಕಿ ಇದ್ದೇವೆ. ಪಾಠ ಮಾಡುವುದಕ್ಕೆ ನಾನು ಯಾವತ್ತೂ ಹೆದರಿದವಳಲ್ಲ. ನಲಿ-ಕಲಿ ಬಂದಾಗ ಅದನ್ನೂ ಕಲಿತೆ, ಅಕ್ಕಪಕ್ಕದ ಶಾಲೆಯವರಿಗೂ ಹೇಳಿಕೊಟ್ಟೆ. ಈಗ ಮಾತ್ರ ಬೆಳಗ್ಗೆ ಎದ್ದು ಫೋನ್ ನೋಡಲು ಭಯವಾಗುತ್ತದೆ.

ಈ ವರ್ಷ ದಾನಿಗಳೊಬ್ಬರು ಶಾಲೆಗೆ ಸ್ಮಾರ್ಟ್ ಟಿವಿ ಕೊಟ್ಟರು. ಇಲಾಖೆಯಿಂದ ಲ್ಯಾಪ್‌ಟಾಪ್ ಬಂತು. ಒಂದು ದಿನದ ತರಬೇತಿಯೂ ಆಯಿತು. ದೊಡ್ಡ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ಪರದೆಯ ಮೇಲೆ ಚಕಚಕನೆ ತೋರಿಸಿದರು. ಶಾಲೆಗೆ ಬಂದು ಲ್ಯಾಪ್‌ಟಾಪ್ ತೆರೆದಾಗ ಒಂದೂ ನೆನಪಾಗಲಿಲ್ಲ. ಸ್ಯಾಟ್ಸ್ ಮತ್ತು ಯುಡೈಸ್ ಪೋರ್ಟಲ್‌ಗಳಲ್ಲಿ ಮಕ್ಕಳ ದಾಖಲೆ, ಅಪಾರ್ ಐಡಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವನ್ನೂ ಅತಿಥಿ ಶಿಕ್ಷಕಿಯೇ ಮಾಡುತ್ತಾಳೆ. ಅವಳು ಬಾರದ ದಿನ ಪೇಟೆಯ ಸೈಬರ್ ಸೆಂಟರಿನ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟು, ಒಟಿಪಿಯನ್ನು ಫೋನಿನಲ್ಲಿ ಹೇಳಿ ಮಾಡಿಸುತ್ತೇನೆ. ರಾತ್ರಿ ಒಂಬತ್ತೂವರೆಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಬಾಕಿ ಇರುವ ಶಾಲೆಗಳು’ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ನಮ್ಮ ಶಾಲೆಯ ಹೆಸರು ಕೆಂಪು ಬಣ್ಣದಲ್ಲಿ ಇರುತ್ತದೆ. ಆಮೇಲೆ ನಿದ್ದೆ ಬರುವುದಿಲ್ಲ. ಮೊನ್ನೆ ಸಭೆಯಲ್ಲಿ ಎಲ್ಲರೆದುರು ‘ಮೇಡಂ, ನೀವು ಇನ್ನೂ ಕಲಿತಿಲ್ವಾ?’ ಎಂದರು. ಮನೆಯಲ್ಲಿ ಮಗನ ಹತ್ತಿರ ಕೇಳಿದರೆ, ‘ಆಯಿ, ಇಷ್ಟು ಸುಲಭ’ ಎಂದು ಫೋನ್ ಕಸಿದುಕೊಂಡು ತಾನೇ ಮಾಡಿಬಿಡುತ್ತಾನೆ. ಜಾತಿ ಸಮೀಕ್ಷೆಯ ಹೊತ್ತಿನಲ್ಲಿ ಗುಡ್ಡ ಹತ್ತಿ, ನೆಟ್‌ವರ್ಕ್ ಹುಡುಕಿ, ನನ್ನ ಪಾಲಿನ ಮನೆಗಳನ್ನು ಹೇಗೋ ಮುಗಿಸಿದೆ. ಇನ್ನು ಆಗುವುದಿಲ್ಲ ಅನಿಸುತ್ತಿದೆ. ಸ್ವಯಂ ನಿವೃತ್ತಿ ತೆಗೆದುಕೊಳ್ಳಲೇ? ಈ ವಯಸ್ಸಿನಲ್ಲಿ ನನ್ನಿಂದ ಇದೆಲ್ಲ ಸಾಧ್ಯವೇ?

– ಹೆಸರು, ಊರು ಬೇಡ

ಉತ್ತರ: ಅಕ್ಕೋರೆ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸಾಧ್ಯ. ಸ್ವಯಂ ನಿವೃತ್ತಿಯ ಅರ್ಜಿಯನ್ನು ಈಗ ಬರೆಯಬೇಡಿ.

ಸಮಾಧಾನಕ್ಕೆಂದು ಹೇಳುವ ಮಾತು ಇದಲ್ಲ. ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಸಮೀಕ್ಷೆಯ ಕೆಲಸವನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದದ್ದು ಮೊಬೈಲ್ ಆ್ಯಪ್‌ನಲ್ಲಿ. ಒಂದೊಂದು ಮನೆಗೂ 60 ಪ್ರಶ್ನೆ. ಸರ್ವರ್ ಕೈಕೊಟ್ಟಿತು, ನೆಟ್‌ವರ್ಕ್ ಸಿಗಲಿಲ್ಲ ಎಂಬ ದೂರು ರಾಜ್ಯದ ಉದ್ದಗಲಕ್ಕೂ ಕೇಳಿಬಂತು. ಕೆಲಸ ಮುಗಿಯದೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಇಷ್ಟೆಲ್ಲದರ ನಡುವೆ ನೀವು ನಿಮ್ಮ ಪಾಲಿನ ಮನೆಗಳನ್ನು ಮುಗಿಸಿದ್ದೀರಿ. ಲ್ಯಾಪ್‌ಟಾಪ್ ಮುಟ್ಟಲು ಹೆದರುವ ಅದೇ ಕೈ ಈ ಕೆಲಸ ಮಾಡಿದೆ.

ಹಾಗಾದರೆ ಅಲ್ಲಿ ಆದದ್ದು ಇಲ್ಲಿ ಏಕೆ ಆಗುತ್ತಿಲ್ಲ? ಸಮೀಕ್ಷೆಯಲ್ಲಿ ಫೋನ್ ನಿಮ್ಮ ಕೈಯಲ್ಲಿತ್ತು. ಕಸಿದುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದೇ ಬಗೆಯ ಕೆಲಸ ಮನೆಯಿಂದ ಮನೆಗೆ ಮತ್ತೆ ಮತ್ತೆ ಬಂತು. ಮೊದಲ ಮನೆಯಲ್ಲಿ ತಡಕಾಡಿದ ಬೆರಳು ಆಮೇಲಿನ ಮನೆಗಳಲ್ಲಿ ತಾನಾಗಿ ಓಡಿತು. ತರಬೇತಿಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ನೀವು ನೋಡಿದಿರಿ, ಬೇರೆಯವರು ಮಾಡಿದರು. ಕಪ್ಪುಹಲಗೆಯ ಮೇಲೆ ಭಾಗಾಕಾರ ಮಾಡಿ ತೋರಿಸಿದ ಮಾತ್ರಕ್ಕೆ ನಾಲ್ಕನೇ ತರಗತಿಯ ಮಗುವಿಗೆ ಅದು ಬರುವುದಿಲ್ಲ, ಪಾಟಿಯ ಮೇಲೆ ತಾನೇ ಮಾಡಬೇಕು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ‘ಈ ಕೆಲಸ ನನ್ನಿಂದಾಗುತ್ತದೆ’ ಎಂಬ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ 1977ರಿಂದ ಬರೆಯುತ್ತ ಬಂದವರು. ಅವರು ಹೇಳಿದ ಮೂಲಗಳು ನಾಲ್ಕು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡುವುದನ್ನು ನೋಡುವುದು, ಇನ್ನೊಬ್ಬರು ಕೊಡುವ ಧೈರ್ಯ, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ನಿಮಗೆ ಸಿಗದೆ ಹೋದದ್ದೂ ಅದೇ. ಮಗ ಪ್ರೀತಿಯಿಂದಲೇ ಮಾಡಿಕೊಟ್ಟ, ಅತಿಥಿ ಶಿಕ್ಷಕಿ ಗೌರವದಿಂದಲೇ ಮಾಡಿಕೊಟ್ಟಳು. ಅವರು ಮಾಡಿಕೊಟ್ಟಷ್ಟೂ ಸಲ ‘ನನ್ನಿಂದಾಗುವುದಿಲ್ಲ’ ಎಂಬುದು ನಿಮ್ಮೊಳಗೆ ಗಟ್ಟಿಯಾಯಿತು.

ಆದ್ದರಿಂದ ನನ್ನ ಮೊದಲ ಸಲಹೆ: ಇನ್ನು ಮುಂದೆ ಯಾರೇ ಕಲಿಸಲಿ, ಮೌಸ್ ನಿಮ್ಮ ಕೈಯಲ್ಲೇ ಇರಲಿ. ಅವರು ಬಾಯಲ್ಲಿ ಹೇಳಲಿ, ನೀವು ಮಾಡಿ. ತಡವಾದರೆ ಆಗಲಿ. ಮಗನಿಗೂ ಇದನ್ನೇ ಹೇಳಿ: ‘ನೀನು ಫೋನ್ ಮುಟ್ಟಬೇಡ ಮಗಾ, ಪಕ್ಕದಲ್ಲಿ ಕೂತು ಹೇಳು.’

ವಯಸ್ಸಿನ ಪಾಲು ಎಷ್ಟು?

ವಯಸ್ಸಿನದು ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಐವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಪುಸ್ತಕ ಹಿಡಿಯುವ ದೂರಕ್ಕೆ ಸರಿಹೊಂದುವ ಕನ್ನಡಕ ಲ್ಯಾಪ್‌ಟಾಪ್ ಇರುವ ದೂರಕ್ಕೆ ಸರಿಹೊಂದದೆ ಇರಬಹುದು. ಕಣ್ಣು ಪರೀಕ್ಷೆಗೆ ಹೋದಾಗ ‘ಕಂಪ್ಯೂಟರ್ ಮುಂದೆ ಕೂರುತ್ತೇನೆ’ ಎಂದು ಹೇಳಿ. ಫೋನಿನ ಮತ್ತು ಲ್ಯಾಪ್‌ಟಾಪಿನ ಅಕ್ಷರದ ಗಾತ್ರವನ್ನು ಸೆಟ್ಟಿಂಗ್ಸ್‌ಗೆ ಹೋಗಿ ದೊಡ್ಡದು ಮಾಡಿಸಿಕೊಳ್ಳಿ. ತಲೆಗೆ ಹತ್ತುತ್ತಿಲ್ಲ ಎಂದುಕೊಂಡವರಲ್ಲಿ ಕೆಲವರ ತೊಂದರೆ ಬರೀ ಕಣ್ಣಿನದಾಗಿರುತ್ತದೆ.

ಎರಡನೆಯದು, ಹೊಸ ಕೆಲಸದ ಹಂತಗಳನ್ನು ಒಂದಾದ ಮೇಲೊಂದರಂತೆ ನೆನಪಿಡುವುದು ಈ ವಯಸ್ಸಿನಲ್ಲಿ ನಿಧಾನ. ಅದಕ್ಕೆ ಮದ್ದು ಒಂದು ನೂರು ಪುಟದ ನೋಟ್‌ಪುಸ್ತಕ. ಯಾವ ಗುಂಡಿ ಒತ್ತಿದಿರಿ, ಆಮೇಲೆ ಯಾವ ಪುಟ ಬಂತು, ಎಲ್ಲಿ ‘ಸೇವ್’ ಇತ್ತು ಎಂಬುದನ್ನು ನಿಮ್ಮ ಮಾತಿನಲ್ಲಿ, ನಿಮ್ಮ ಕೈಬರಹದಲ್ಲಿ ಬರೆದಿಡಿ. ಎಡಪುಟದಲ್ಲಿ ಹಂತಗಳು, ಬಲಪುಟದಲ್ಲಿ ತಪ್ಪಿದ್ದು ಎಲ್ಲಿ, ಸರಿಯಾದದ್ದು ಹೇಗೆ ಎಂದು. ತಿಂಗಳು ಕಳೆದ ಮೇಲೆ ಅದೇ ಕೆಲಸ ಬಂದಾಗ ಯಾರನ್ನೂ ಕೇಳದೆ ಪುಸ್ತಕ ತೆರೆಯುತ್ತೀರಿ.

ನಿಮ್ಮದೇ ಕಲಿಕಾ ಏಣಿ

ನಲಿ-ಕಲಿಯ ವಿಷಯವನ್ನು ನೀವೇ ಎತ್ತಿದ್ದೀರಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕಾರ್ಡು ಬರೆದು, ಏಣಿ ಜೋಡಿಸಿ ಕಟ್ಟಿದ ಪದ್ಧತಿ ಅದು. ಮಗು ತನ್ನ ಮೆಟ್ಟಿಲಿನಿಂದ ಶುರು ಮಾಡುತ್ತದೆ, ಒಂದು ಮೈಲಿಗಲ್ಲು ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಪಕ್ಕದ ಮಗು ಎಷ್ಟು ಮೇಲಿದೆ ಎಂದು ಯಾರೂ ಅಳೆಯುವುದಿಲ್ಲ. ನಿಮಗೂ ಅಂಥದೇ ಒಂದು ಏಣಿ ಬೇಕು. ನಾಲ್ಕು ಮೆಟ್ಟಿಲು ಸಾಕು.

ಮೊದಲ ಮೆಟ್ಟಿಲು ಕನ್ನಡ ಟೈಪಿಂಗ್. ಸುತ್ತೋಲೆಗೆ ಉತ್ತರ, ರಜೆ ಅರ್ಜಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿ ಎಲ್ಲವೂ ಇದರ ಮೇಲೆ ನಿಂತಿವೆ. ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಅದರ ಗುಟ್ಟು ಒಂದೇ ಕೀಲಿಯಲ್ಲಿದೆ: ಒತ್ತಕ್ಷರ ಬೇಕಾದಲ್ಲೆಲ್ಲ ನಡುವೆ ಎಫ್ ಒತ್ತಬೇಕು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’ ಮೂಡುತ್ತದೆ. ದಿನವೂ ಹಾಜರಿ ಪುಸ್ತಕದಿಂದ ಐದು ಮಕ್ಕಳ ಹೆಸರು ಟೈಪ್ ಮಾಡಿ. ಎರಡು ವಾರದೊಳಗೆ 64 ಹೆಸರೂ ಮುಗಿಯುತ್ತವೆ. ನಿಮ್ಮ ಶಾಲೆಯ ಮಕ್ಕಳ ಹೆಸರಿನಲ್ಲಿ ಸಿಗದ ಒತ್ತಕ್ಷರ ಕಡಿಮೆ.

ಇಲ್ಲಿ ಒಂದು ಎಚ್ಚರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಫೋನಿಗೆ ಕಳಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ನೀವೇನೋ ಹಾಳು ಮಾಡಿದಿರಿ ಎಂದು ಗಾಬರಿಯಾಗಬೇಡಿ. ಅದು ಯುನಿಕೋಡ್ ಅಲ್ಲದ ಬರಹ, ಅಷ್ಟೇ. ಯುನಿಕೋಡ್ ಆಯ್ದುಕೊಂಡು ಟೈಪ್ ಮಾಡಿದರೆ ಎಲ್ಲ ಕಡೆಯೂ ಕನ್ನಡವಾಗಿಯೇ ಕಾಣುತ್ತದೆ. ಬೆರಳು ಸೋತ ದಿನ ಬಾಯಿಯಿಂದಲೇ ಕೆಲಸ ಮಾಡಿಸಬಹುದು. ಗೂಗಲ್‌ನ ಧ್ವನಿ ಟೈಪಿಂಗ್‌ನಲ್ಲಿ 2017ರಿಂದ ಕನ್ನಡ ಇದೆ. ಫೋನಿನ ಕೀಲಿಮಣೆಯ ಮೈಕ್ ಗುರುತು ಒತ್ತಿ, ತರಗತಿಯಲ್ಲಿ ಉಕ್ತಲೇಖನ ಹೇಳುವ ಹಾಗೆ ಬಿಡಿಸಿ ಹೇಳಿ. ನಿಮ್ಮ ಉಚ್ಚಾರಕ್ಕೆ ಅದು ಚೆನ್ನಾಗಿಯೇ ಬರೆಯುತ್ತದೆ. ತಪ್ಪಿದ ಒಂದೆರಡು ಪದ ತಿದ್ದಿದರಾಯಿತು.

ಎರಡನೇ ಮೆಟ್ಟಿಲು ಒಂದು ಮಗುವಿನ ದಾಖಲೆ. ಸ್ಯಾಟ್ಸ್ ಇಡೀ ನಿಮಗೆ ಬರಬೇಕಿಲ್ಲ. ಮೊದಲು ಒಂದೇ ಮಗುವನ್ನು ಹುಡುಕಿ, ತೆರೆದು, ಓದಿ, ಮುಚ್ಚುವುದನ್ನು ಕಲಿಯಿರಿ. ಆಮೇಲೆ ತಿದ್ದುವುದನ್ನು. ನಿಮ್ಮಲ್ಲಿ ‘ಬಾಕಿ’ ಉಳಿಯುವ ಕೆಲಸದಲ್ಲಿ ಹೆಚ್ಚಿನದು ಯಾವುದು ಎಂದು ನೋಡಿದರೆ ಅದು ಹೆಸರಿನ ಹೊಂದಾಣಿಕೆಯದೇ ಇರಬಹುದು. ದಾಖಲಾತಿ ಪುಸ್ತಕದಲ್ಲಿ ‘ಸಾವಿತ್ರಿ ಗಣಪತಿ ಗೌಡ’ ಎಂದಿರುತ್ತದೆ. ಆಧಾರ್‌ನಲ್ಲಿ ‘ಸಾವಿತ್ರಿ ಗೌಡ’. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ‘ಟಿ’ಯ ಜೊತೆ ‘ಎಚ್’ ಇದೆ, ಇನ್ನೊಂದು ಕಡೆ ಇಲ್ಲ. ಹುಟ್ಟಿದ ತಾರೀಕಿನಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿದೆ. ಯುಡೈಸ್ ಪ್ಲಸ್ ಇವನ್ನು ಆಧಾರ್‌ನೊಂದಿಗೆ ತಾಳೆ ನೋಡುತ್ತದೆ. ಹೊಂದದಿದ್ದರೆ ಅಪಾರ್ ಐಡಿ ಆಗುವುದಿಲ್ಲ, ಶಾಲೆ ಪಟ್ಟಿಯಲ್ಲಿ ಕೆಂಪಾಗಿ ಉಳಿಯುತ್ತದೆ.

ಈಗ ಯೋಚಿಸಿ. ಸಾವಿತ್ರಿಯ ಹೆಸರು ಯಾವುದು ಸರಿ ಎಂದು ಸೈಬರ್ ಸೆಂಟರಿನ ಹುಡುಗನಿಗೆ ಗೊತ್ತಾಗುವುದು ಹೇಗೆ? ಅವಳ ಅಣ್ಣ ಅದೇ ಶಾಲೆಯಲ್ಲಿ ಯಾವ ಹೆಸರಿನಲ್ಲಿ ಓದಿದ, ಅವಳ ಅಪ್ಪ ಪಹಣಿಯಲ್ಲಿ ಯಾವ ಅಡ್ಡಹೆಸರು ಬರೆಸಿದ್ದಾರೆ ಎಂಬುದು ನಿಮಗೆ ಗೊತ್ತಿದೆ. ಈ ಕೆಲಸದ ಬಹುಪಾಲು ಕಂಪ್ಯೂಟರಿನ ಹೊರಗೆ ನಡೆಯುವಂಥದ್ದು: ದಾಖಲೆ ನೋಡುವುದು, ತಾಯಿಯನ್ನು ಕರೆದು ಕೇಳುವುದು, ತಿದ್ದುಪಡಿ ಎಲ್ಲಿ ಆಗಬೇಕೆಂದು ತೀರ್ಮಾನಿಸುವುದು. ಟೈಪ್ ಮಾಡುವುದು ಕೊನೆಯ ಕೆಲವು ನಿಮಿಷ ಮಾತ್ರ. ಒಂದು ಉದ್ದ ರಿಜಿಸ್ಟರಿನಲ್ಲಿ ಮಗುವಿಗೆ ಒಂದು ಸಾಲಿನಂತೆ 64 ಸಾಲು ಹಾಕಿ. ಕನ್ನಡದಲ್ಲಿ ಹೆಸರು, ಆಧಾರ್‌ನಲ್ಲಿ ಇದ್ದಂತೆ ಇಂಗ್ಲಿಷ್ ಹೆಸರು, ಜನ್ಮದಿನಾಂಕ, ತಂದೆ-ತಾಯಿಯ ಹೆಸರು, ಸ್ಯಾಟ್ಸ್ ಸಂಖ್ಯೆ, 12 ಅಂಕಿಯ ಅಪಾರ್ ಸಂಖ್ಯೆ ಎಲ್ಲ ಒಂದೇ ಕಡೆ ಇರಲಿ. ಯಾವ ಪೋರ್ಟಲ್ ಏನು ಕೇಳಿದರೂ ಉತ್ತರ ಆ ಸಾಲಿನಲ್ಲಿ ಸಿಗುತ್ತದೆ. ರಿಜಿಸ್ಟರ್ ಬೀಗ ಹಾಕುವ ಕಪಾಟಿನಲ್ಲಿರಲಿ. ಇನ್ನೊಂದು ಮಾತು, ಅಪಾರ್‌ಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಕೊಡುವುದೂ ಬಿಡುವುದೂ ಅವರ ಇಷ್ಟ. ಪಟ್ಟಿ ಹಸಿರಾಗಲಿ ಎಂದು ಯಾವ ತಾಯಿಯನ್ನೂ ಒತ್ತಾಯಿಸಬೇಡಿ.

ಮೂರನೇ ಮೆಟ್ಟಿಲು ಎಕ್ಸೆಲ್ ಹಾಳೆ. ಆ 64 ಸಾಲುಗಳನ್ನು ಒಮ್ಮೆ ಹಾಳೆಯಲ್ಲಿ ತುಂಬಿಸಿ. ತರಗತಿವಾರು ಜೋಡಿಸುವುದು, ಮೊತ್ತ ಹಾಕುವುದು, ಇವೆರಡು ಬಂದರೆ ಸಾಕು. ‘ಹೆಣ್ಣುಮಕ್ಕಳೆಷ್ಟು, ಪರಿಶಿಷ್ಟ ಜಾತಿ-ಪಂಗಡದ ಮಕ್ಕಳೆಷ್ಟು, ಬೂಟಿನ ಅಳತೆ ಯಾವುದು’ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಬರುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ನಾಲ್ಕನೆಯದು ಟಿವಿ. ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ, ನೆಮ್ಮದಿಯಿಂದ ಕಲಿಯಬೇಕಾದ ಮೆಟ್ಟಿಲು ಇದು. ಪಠ್ಯಪುಸ್ತಕದಲ್ಲಿ ಮುದ್ರಿಸಿರುವ ಚೌಕಾಕಾರದ ಕ್ಯೂಆರ್ ಕೋಡ್ ದೀಕ್ಷಾ ಆ್ಯಪ್‌ನದು. ದೀಕ್ಷಾ ಬಂದದ್ದು 2017ರ ಶಿಕ್ಷಕರ ದಿನದಂದು. ಕೋಡ್ ಸ್ಕ್ಯಾನ್ ಆಗದಿದ್ದರೆ ಅದರ ಕೆಳಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿದರೂ ಪಾಠ ತೆರೆದುಕೊಳ್ಳುತ್ತದೆ. ನೆಟ್‌ವರ್ಕ್ ಸಿಗುವ ಕಡೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು. ವಾರಕ್ಕೆ ಒಂದೇ ಪಾಠ ಆಯ್ದುಕೊಳ್ಳಿ. ಹೃದಯ ಬಡಿಯುವುದು, ಜ್ವಾಲಾಮುಖಿ ಸಿಡಿಯುವುದು, ಗ್ರಹಣ ಆಗುವುದು, ಹೀಗೆ ಮಾತಿನಲ್ಲಿ ತೋರಿಸಲಾಗದ್ದಕ್ಕೆ ಟಿವಿ ಹಚ್ಚಿ. ಹೊಳೆ, ಅಡಿಕೆ ತೋಟ, ಗೆದ್ದಲ ಹುತ್ತ ತೋರಿಸುವುದಕ್ಕೆ ಮಕ್ಕಳನ್ನು ಶಾಲೆಯ ಹಿಂದೆ ಕರೆದುಕೊಂಡು ಹೋದರಾಯಿತು. ಟಿವಿ ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು ಎಂಬ ತೀರ್ಮಾನಕ್ಕೆ ನಿಮ್ಮ 27 ವರ್ಷದ ಅನುಭವ ಬೇಕು. ಅದನ್ನು ಯಾವ ತರಬೇತಿಯೂ ಕೊಡುವುದಿಲ್ಲ.

ಪಾಸ್‌ವರ್ಡ್ ಇವತ್ತೇ ಬದಲಾಯಿಸಿ

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಆತಂಕ ತಂದದ್ದು ಸೈಬರ್ ಸೆಂಟರಿನ ವಿಷಯ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಆ ಪಾಸ್‌ವರ್ಡಿನ ಹಿಂದೆ 64 ಮಕ್ಕಳ ಹೆಸರು, ವಿಳಾಸ, ಆಧಾರ್, ಅವರ ಮನೆಯವರ ಫೋನ್ ನಂಬರ್, ಕೆಲವರ ಬ್ಯಾಂಕ್ ಖಾತೆ ಎಲ್ಲ ಇವೆ. ಅಂಗಡಿಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಆಧಾರ್ ಪ್ರತಿಗಳು ಅಲ್ಲಿಯೇ ಉಳಿದಿರಬಹುದು. ಆಮೇಲೆ ಅಂಗಡಿಗೆ ಬಂದವರು ಯಾರು ಬೇಕಾದರೂ ಅವನ್ನು ತೆರೆಯಬಹುದು. ಮಕ್ಕಳ ವೈಯಕ್ತಿಕ ಮಾಹಿತಿಗೆ ವಿಶೇಷ ರಕ್ಷಣೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ಅವರ ತಾಯಂದಿರು ಆ ಕಾಗದಗಳನ್ನು ಕೊಟ್ಟದ್ದು ನಿಮ್ಮನ್ನು ನಂಬಿ.

ಆದ್ದರಿಂದ ಪಾಸ್‌ವರ್ಡನ್ನು ಇವತ್ತೇ ಬದಲಾಯಿಸಿ. ಮರೆತುಹೋಗುವ ಭಯವಿದ್ದರೆ ಕಪಾಟಿನೊಳಗಿನ ಪುಸ್ತಕದಲ್ಲಿ ಬರೆದಿಡಿ, ಗೋಡೆಗೆ ಅಂಟಿಸಬೇಡಿ. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ‘ಇಲಾಖೆಯಿಂದ ಮಾತನಾಡುತ್ತಿದ್ದೇವೆ’ ಎಂದು ಕೇಳಿದರೂ ಬೇಡ. ಹಣ ಹೋಗುವಂಥದ್ದು ಏನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಆಧಾರ್ ಚಿತ್ರಗಳನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ರೂಢಿ ಇದ್ದರೆ ನಿಲ್ಲಿಸಿ. ಶಾಲೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಅದರಲ್ಲಿ ವಿಂಡೋಸ್ 10 ಇದೆಯೇ ಎಂದು ನೋಡಿಸಿ. ಅದಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಕ್ಕಳ ದಾಖಲೆಯ ಕೆಲಸವನ್ನು ಹೊಸ ಲ್ಯಾಪ್‌ಟಾಪಿನಲ್ಲೇ ಮಾಡಿ.

ಆ ಅತಿಥಿ ಶಿಕ್ಷಕಿ

ಅವಳ ಬಗ್ಗೆಯೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಅತಿಥಿ ಶಿಕ್ಷಕರಿಗೆ ಸಿಗುವುದು ಗೌರವಧನ. ಮುಂದಿನ ವರ್ಷ ಇದೇ ಶಾಲೆಯಲ್ಲಿ ಇರುತ್ತೇನೆಯೇ ಎಂಬ ಖಾತ್ರಿ ಅವಳಿಗಿಲ್ಲ. ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಪಡೆಯುವವಳ ಹೆಗಲ ಮೇಲೆ ಶಾಲೆಯ ಎಲ್ಲ ಆನ್‌ಲೈನ್ ಕೆಲಸ ಬಿದ್ದಿದೆ. ಅವಳು ಪರದೆಯ ಮುಂದೆ ಕೂತ ಹೊತ್ತಿನಲ್ಲಿ ಅವಳ ತರಗತಿ ಖಾಲಿ. ‘ಗೊತ್ತಿದ್ದವಳು ಮಾಡುತ್ತಾಳೆ’ ಎಂದು ಬಿಟ್ಟುಬಿಡುವುದು ಅನ್ಯಾಯ.

ಕೆಲಸವನ್ನು ಹಂಚಿಕೊಳ್ಳಿ. ಒಬ್ಬರು ಸ್ಯಾಟ್ಸ್, ಒಬ್ಬರು ವಿದ್ಯಾರ್ಥಿವೇತನ, ಒಬ್ಬರು ಅಕ್ಷರ ದಾಸೋಹದ ಲೆಕ್ಕ. ವಾರಕ್ಕೆ ಎರಡು ದಿನ, ಮಕ್ಕಳು ಮನೆಗೆ ಹೋದ ಮೇಲೆ ಅರ್ಧ ಗಂಟೆ ಅವಳ ಹತ್ತಿರ ಕಲಿಯಿರಿ. ಬದಲಿಗೆ ನೀವು ಅವಳಿಗೆ ಕೊಡಬಹುದಾದದ್ದು ಬಹಳ ಇದೆ. ಎರಡು ತರಗತಿಯನ್ನು ಒಟ್ಟಿಗೆ ನಡೆಸುವುದು ಹೇಗೆ, ಓದಲು ಬಾರದ ಐದನೇ ತರಗತಿಯ ಹುಡುಗನನ್ನು ನಾಚಿಕೆಪಡಿಸದೆ ಅಕ್ಷರಕ್ಕೆ ತರುವುದು ಹೇಗೆ ಎಂಬುದು ಅವಳಿಗೆ ಇನ್ನೂ ಬಂದಿರಲಿಕ್ಕಿಲ್ಲ. ಅದು ನಿಮಗೆ ಗೊತ್ತು. ಬಂಡೂರ ಹೇಳಿದ ಎರಡನೇ ಮೂಲ ನೆನಪಿದೆಯಲ್ಲ, ನಮ್ಮಂಥವರೇ ಮಾಡುವುದನ್ನು ನೋಡುವುದು? ನಿಮ್ಮ ಕ್ಲಸ್ಟರಿನಲ್ಲಿ ನಿಮ್ಮ ವಯಸ್ಸಿನವರೇ ಆಗಿದ್ದು ಕಂಪ್ಯೂಟರ್ ಚೆನ್ನಾಗಿ ಬಲ್ಲವರು ಒಬ್ಬರಾದರೂ ಇರುತ್ತಾರೆ. ಅವರನ್ನು ಹುಡುಕಿ. ಇಪ್ಪತ್ತೈದರವಳಿಂದ ಕಲಿಯುವುದಕ್ಕಿಂತ ಐವತ್ತೈದರವರಿಂದ ಕಲಿಯುವಾಗ ಮುಜುಗರ ಕಡಿಮೆ.

ಇಲಾಖೆಯ ಋಣ

ಇಲ್ಲಿಯವರೆಗೆ ನಿಮ್ಮ ಪಾಲಿನ ಕೆಲಸ ಹೇಳಿದೆ. ಇಲಾಖೆಗೂ ಒಂದು ಪಾಲಿದೆ, ಅದನ್ನು ಕೇಳುವ ಹಕ್ಕು ನಿಮಗಿದೆ.

ಯಂತ್ರ ಮೊದಲು, ಶಿಕ್ಷಕರು ಆಮೇಲೆ ಎಂಬ ದಾರಿಯನ್ನು ನಮ್ಮ ರಾಜ್ಯ ಹಿಂದೆಯೂ ಹಿಡಿದಿತ್ತು. 2001ರ ಹೊತ್ತಿಗೆ ಬಂದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. ಕಲಿಸುವ ಹೊಣೆ ಹೊರಗಿನ ಕಂಪನಿಗಳದ್ದಾಗಿತ್ತು. ಶಾಲೆಯ ಶಿಕ್ಷಕರು ಆ ಕೋಣೆಗೆ ಹೊರಗಿನವರಾಗಿಯೇ ಉಳಿದರು. ಅದೇ ಹೊತ್ತಿಗೆ ನೆರೆಯ ಕೇರಳದಲ್ಲಿ ‘ಐಟಿ ಅಟ್ ಸ್ಕೂಲ್’ ಶುರುವಾಯಿತು. ಅಲ್ಲಿ ಶಾಲಾ ಶಿಕ್ಷಕರನ್ನೇ ಮುಖ್ಯ ತರಬೇತುದಾರರನ್ನಾಗಿ ಬೆಳೆಸಿ, ಅವರ ಮೂಲಕ ಉಳಿದ ಶಿಕ್ಷಕರಿಗೆ ಕಲಿಸಿದರು. ಸ್ವತಂತ್ರ ತಂತ್ರಾಂಶವನ್ನು ಬಳಸಿದರು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಗಿ ರೂಪುಗೊಂಡು ಇಂದಿಗೂ ನಡೆಯುತ್ತಿದೆ. ಕರ್ನಾಟಕವೂ 2016–17ರಲ್ಲಿ ತಂತ್ರಜ್ಞಾನ ಆಧಾರಿತ ಕಲಿಕೆಯ ‘ಟಾಲ್ಪ್’ ಕಾರ್ಯಕ್ರಮದ ಮೂಲಕ ಶಿಕ್ಷಕರ ಕೈಗೇ ತಂತ್ರಜ್ಞಾನ ಕೊಡಲು ಹೊರಟಿತು. ಅದರ ಹೆಚ್ಚಿನ ಲಾಭ ಸಿಕ್ಕಿದ್ದು ಪ್ರೌಢಶಾಲೆಯವರಿಗೆ. ಯುನೆಸ್ಕೊ ಕೂಡ 2023ರ ಜಾಗತಿಕ ಶಿಕ್ಷಣ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟು, ಶಿಕ್ಷಣದಲ್ಲಿ ತಂತ್ರಜ್ಞಾನ ಯಾರ ಶರತ್ತಿನ ಮೇಲೆ ಬರಬೇಕು ಎಂದು ಕೇಳಿದೆ. ಆ ಪ್ರಶ್ನೆ ನಿಮ್ಮ ಸ್ಟಾಫ್ ರೂಮಿನದೂ ಹೌದು.

ಮುಂದಿನ ಸಮಾಲೋಚನಾ ಸಭೆಯಲ್ಲಿ ಹೀಗೆ ಬರೆದು ಕೊಡಿ, ಬಾಯಿಮಾತಿನಲ್ಲಿ ಬಿಡಬೇಡಿ. ಒಂದು, ಸಭಾಂಗಣದ ತರಬೇತಿಯ ಬದಲು ಕ್ಲಸ್ಟರ್ ಮಟ್ಟದಲ್ಲಿ, ಪ್ರತಿಯೊಬ್ಬರ ಮುಂದೆಯೂ ಲ್ಯಾಪ್‌ಟಾಪ್ ಇರುವಂತೆ, ಚಿಕ್ಕ ಗುಂಪುಗಳಲ್ಲಿ ತರಬೇತಿ ಬೇಕು. ಎರಡು, ಆನಂತರದ ಅನುಮಾನಗಳಿಗೆ ಫೋನ್ ಮಾಡಿ ಕೇಳಲು ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ಒಬ್ಬರನ್ನು ನಿಗದಿ ಮಾಡಬೇಕು. ಮೂರು, ಯಾವ ಮಾಹಿತಿ ಯಾವ ತಿಂಗಳು ಬೇಕು ಎಂಬ ವಾರ್ಷಿಕ ಪಟ್ಟಿ ಮೊದಲೇ ಕೊಡಬೇಕು. ನಾಲ್ಕು, ಸ್ಯಾಟ್ಸ್‌ನಲ್ಲಿ ಈಗಾಗಲೇ ಇರುವುದನ್ನು ಮತ್ತೆ ಗೂಗಲ್ ಶೀಟಿನಲ್ಲಿ ತುಂಬಿಸಬಾರದು. ಇವು ದುಡ್ಡು ಬೇಡುವ ಬೇಡಿಕೆಗಳಲ್ಲ, ಮನಸ್ಸು ಬೇಡುವಂಥವು. ನಾಲ್ಕೈದು ಶಾಲೆಯವರು ಒಟ್ಟಾಗಿ ಸಹಿ ಹಾಕಿದರೆ, ಶಿಕ್ಷಕರ ಸಂಘವೂ ಜೊತೆಗಿದ್ದರೆ ತೂಕ ಬರುತ್ತದೆ.

ಇಂಟರ್‌ನೆಟ್ ಖರ್ಚನ್ನು ನಿಮ್ಮ ಕೈಯಿಂದ ಹಾಕಬೇಡಿ. ಸಮಗ್ರ ಶಿಕ್ಷಣದ ಮಾರ್ಗಸೂಚಿಯಲ್ಲಿ ನಿಮ್ಮಷ್ಟು ಮಕ್ಕಳಿರುವ ಶಾಲೆಗೆ, ಅಂದರೆ 30ಕ್ಕಿಂತ ಹೆಚ್ಚು, 100ರ ಒಳಗೆ, ವರ್ಷಕ್ಕೆ 25,000 ರೂಪಾಯಿಯ ಸಂಯೋಜಿತ ಅನುದಾನ ಇದೆ. ಇಂಟರ್‌ನೆಟ್ ಕೂಡ ಅದರ ಬಾಬ್ತುಗಳಲ್ಲಿ ಒಂದು. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ ಬಳಸಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮಿನ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಅದನ್ನು ತೋರಿಸಿ ಮಕ್ಕಳ ದಾಖಲೆಯ ಕೆಲಸವನ್ನು ನಿರಾಕರಿಸಲು ಬರುವುದಿಲ್ಲ, ಅದು ಶಾಲೆಯದೇ ಕೆಲಸ. ಪಾಠದ ಹೊತ್ತನ್ನು ಕಾಪಾಡಿಕೊಡಿ ಎಂದು ಕೇಳಲು ಮಾತ್ರ ಖಂಡಿತ ಬಳಸಬಹುದು. 2027ರ ಜನಗಣತಿಯೂ ಆ್ಯಪ್‌ನಲ್ಲೇ ನಡೆಯಲಿದೆ. ಶಿಕ್ಷಕರ ಕೈಗೆ ಫೋನ್ ಕೊಟ್ಟು ಓಡಿಸುವ ಕಾಲ ಇನ್ನೂ ಮುಂದುವರಿಯುವುದರಿಂದ ಈ ಮಾತುಗಳನ್ನು ಈಗಲೇ ಆಡಿಡುವುದು ಒಳ್ಳೆಯದು.

ರಾತ್ರಿಯ ಪಟ್ಟಿ

ರಾತ್ರಿ ಒಂಬತ್ತೂವರೆಯ ಸಂದೇಶಕ್ಕೆ ಆ ಹೊತ್ತಿನಲ್ಲಿ ನೀವು ಮಾಡಬಹುದಾದದ್ದು ಏನೂ ಇಲ್ಲ. ಶಾಲೆಯ ಲ್ಯಾಪ್‌ಟಾಪ್ ಶಾಲೆಯಲ್ಲಿದೆ. ಆ ಗ್ರೂಪನ್ನು ರಾತ್ರಿ ಮ್ಯೂಟ್ ಮಾಡಿ, ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಒಮ್ಮೆ ನೋಡಿ. ತುರ್ತು ಇದ್ದರೆ ಕರೆ ಮಾಡಿ ಎಂದು ನಿಮ್ಮ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ವಿನಯದಿಂದ ತಿಳಿಸಿ. ಅವರ ಮೇಲೂ ಮೇಲಿನವರ ಒತ್ತಡ ಇರುತ್ತದೆ, ಬಹಳ ಮಂದಿ ಒಪ್ಪುತ್ತಾರೆ.

ಎಲ್ಲರೆದುರು ‘ಇನ್ನೂ ಕಲಿತಿಲ್ವಾ’ ಎಂದದ್ದು ನೋಯಿಸುವ ಮಾತು. ಅದಕ್ಕೆ ನೇರ ಉತ್ತರ ಇದೆ: ‘ಕಲಿಯುತ್ತಿದ್ದೇನೆ ಸರ್, ಹೆಸರಿನ ಹೊಂದಾಣಿಕೆ ಇಷ್ಟು ಮಕ್ಕಳದು ಮುಗಿದಿದೆ, ಇಷ್ಟು ಬಾಕಿ ಇದೆ, ಈ ಒಂದು ಹಂತದಲ್ಲಿ ಸಹಾಯ ಬೇಕು.’ ಲೆಕ್ಕ ಕೈಯಲ್ಲಿದ್ದವರನ್ನು ಯಾರೂ ಎರಡನೇ ಸಲ ಹಾಗೆ ಕೇಳುವುದಿಲ್ಲ. ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಶಾಲೆಯ ಗೇಟು ಕಂಡರೆ ಎದೆ ಡವಗುಟ್ಟಿದರೆ ತಡಮಾಡದೆ ವೈದ್ಯರನ್ನು ನೋಡಿ. ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಅದರಲ್ಲಿ ನಾಚಿಕೆಯ ಮಾತಿಲ್ಲ.

ಇನ್ನು ಸ್ವಯಂ ನಿವೃತ್ತಿ. ನಿವೃತ್ತಿಗೆ ಇನ್ನೂ ಏಳು ವರ್ಷವಿದೆ. ಬೇಗ ಬಿಟ್ಟರೆ ಪಿಂಚಣಿಗೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಬಿಇಒ ಕಚೇರಿಯ ವಿಷಯ ನಿರ್ವಾಹಕರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಆರೋಗ್ಯಕ್ಕಾಗಿ, ಮನೆಯ ಅಗತ್ಯಕ್ಕಾಗಿ, ತೋಟ ನೋಡಿಕೊಳ್ಳುವ ಆಸೆಯಿಂದ ಬಿಡುವುದಾದರೆ ಅದು ನಿಮ್ಮ ಇಷ್ಟ, ಸಂತೋಷವಾಗಿ ಬಿಡಿ. ಒಂದು ಲ್ಯಾಪ್‌ಟಾಪಿಗೆ ಹೆದರಿ ಬಿಡಬೇಡಿ. ಬರುವ ಮಾರ್ಚ್‌ವರೆಗೆ ಈ ನಾಲ್ಕು ಮೆಟ್ಟಿಲು ಹತ್ತಿ ನೋಡಿ. ಆಮೇಲೂ ಬೇಡ ಅನಿಸಿದರೆ ಆಗ ಯೋಚಿಸಬಹುದು.

ಈ ಅಂಕಣ ಓದುವ ಅಧಿಕಾರಿಗಳಲ್ಲೂ ಒಂದು ವಿನಂತಿ. ನಿಮ್ಮ ತಾಲ್ಲೂಕಿನಲ್ಲಿ ಕೆಂಪು ಬಣ್ಣದಲ್ಲಿರುವ ಶಾಲೆಗಳ ಪಟ್ಟಿಯನ್ನು ಗ್ರೂಪಿಗೆ ಹಾಕುವ ಮೊದಲು ಅವುಗಳಲ್ಲಿ ಒಂದು ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರ ಪಕ್ಕದಲ್ಲಿ ಒಂದು ಗಂಟೆ ಕೂತು ಬನ್ನಿ. ಮೌಸ್ ಅವರ ಕೈಗೇ ಕೊಡಿ. ಮಕ್ಕಳಿಗೆ ಓದು ಕಲಿಸಿದ ಕೈಗೆ ಇದನ್ನು ಕಲಿಯುವುದು ಕಷ್ಟವಲ್ಲ. ಕಲಿಯಲು ಸಮಯವನ್ನೂ ಮರ್ಯಾದೆಯನ್ನೂ ಕೊಡುವ ಹೊಣೆ ನಿಮ್ಮದು.